ಕತ್ತಲೆಯನ್ನೂ ಹಿಂಡಬಹುದು: ಬೆಳಕಿನ ಗದ್ದಲವನ್ನು ಲೈಗೋ ತಗ್ಗಿಸಿದ್ದು ಹೇಗೆ

2015ರ ಸೆಪ್ಟೆಂಬರ್ 14ರಂದು ಅಮೆರಿಕದ ಎರಡು ಲೈಗೋ ಕೇಂದ್ರಗಳಿಗೆ ಗುರುತ್ವ ಅಲೆಯೊಂದು ಮೊದಲ ಸಲ ಸಿಕ್ಕಿತು. ಗುರುತ್ವ ಅಲೆ ಅಂದರೆ ಜಾಗವನ್ನೇ ಹಿಗ್ಗಿಸಿ ಕುಗ್ಗಿಸುತ್ತ ಸಾಗುವ ಅಲೆ, ಅದನ್ನು ಹಿಡಿಯಲು ಕಟ್ಟಿದ ಯಂತ್ರ ಲೈಗೋ. ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುಕುಳಿಗಳು ಸುತ್ತಿ ಸುತ್ತಿ ಒಂದಾದಾಗ ಎದ್ದ ಅಲೆ ಅದು. ಭೂಮಿಯನ್ನು ದಾಟುವಾಗ ಅದು ಲೈಗೋದ 4 ಕಿಲೋಮೀಟರ್ ಉದ್ದದ ತೋಳನ್ನು, ಅಂದರೆ ಲೇಸರ್ ಓಡಾಡುವ ಕೊಳವೆಯ ಉದ್ದವನ್ನು, ಎಷ್ಟು ಹಿಗ್ಗಿಸಿತು ಗೊತ್ತಾ? ಒಂದು ಪ್ರೋಟಾನಿನ ಅಗಲವನ್ನು ಕೆಲವು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು.

ಇಷ್ಟು ಸಣ್ಣ ಅಳತೆಗೆ ಏನು ಅಡ್ಡ ಬರುತ್ತದೆ ಎಂದು ಕೇಳಿದರೆ ನಾವು ಮೊದಲು ಹೇಳುವುದು ಭೂಕಂಪ, ಗಾಳಿ, ದೂರದ ರಸ್ತೆಯ ಲಾರಿ. ಅವೆಲ್ಲ ನಿಜವೇ, ಅವಕ್ಕೆ ಮದ್ದೂ ಇದೆ. ಕನ್ನಡಿಗಳನ್ನು ತೆಳ್ಳನೆಯ ಗಾಜಿನ ಎಳೆಗಳಿಂದ ತೂಗುಹಾಕುತ್ತಾರೆ. ಹಾಗೆ ತೂಗುಹಾಕಿದ್ದನ್ನು ಇನ್ನೊಂದಕ್ಕೆ, ಅದನ್ನು ಮತ್ತೊಂದಕ್ಕೆ ತೂಗುಹಾಕುತ್ತಾರೆ. ಕೊಳವೆಯೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ನೆಲದ ನಡುಕ ಬಹುಮಟ್ಟಿಗೆ ಅಡಗುತ್ತದೆ. ಆದರೆ ಸುತ್ತಲಿನದೆಲ್ಲ ಸುಮ್ಮನಾದ ಮೇಲೂ ಒಂದು ಗದ್ದಲ ಉಳಿಯುತ್ತದೆ. ಅದು ಅಳತೆಗೆ ಬಳಸುವ ಬೆಳಕಿನದ್ದೇ ಗದ್ದಲ. ಎಷ್ಟು ಒಳ್ಳೆಯ ಲೇಸರ್ ತಂದರೂ ಅದು ಹೋಗುವುದಿಲ್ಲ. ಯಾಕೆಂದರೆ ಅದು ಯಂತ್ರದ ದೋಷವಲ್ಲ, ಬೆಳಕಿನ ಸ್ವಭಾವ.

ಈ ಗದ್ದಲವನ್ನು ತಗ್ಗಿಸುವ ಉಪಾಯ 1981ರಲ್ಲೇ ಕಾಗದದ ಮೇಲೆ ಇತ್ತು. ದೊಡ್ಡ ಯಂತ್ರಗಳಲ್ಲಿ ಅದು ಕೆಲಸಕ್ಕೆ ಬಂದದ್ದು ಸುಮಾರು ಮೂವತ್ತು ವರ್ಷಗಳ ನಂತರ. ನಡುವಿನ ಕಾಲವೆಲ್ಲ ಎಲ್ಲಿ ಹೋಯಿತು ಅನ್ನುವುದೇ ನನಗೆ ಈ ಕಥೆಯಲ್ಲಿ ಹೆಚ್ಚು ಕುತೂಹಲದ ಭಾಗ. ಬೇಕಾದ ವಿಶೇಷ ಬೆಳಕನ್ನು ತಯಾರಿಸಲು ನಾಲ್ಕೇ ವರ್ಷ ಸಾಕಾಯಿತು. ತಯಾರಿಸಿದ್ದನ್ನು ದಾರಿಯಲ್ಲಿ ಕಳೆದುಕೊಳ್ಳದಿರಲು ಕಲಿಯುವುದಕ್ಕೇ ಉಳಿದ ವರ್ಷಗಳು ಬೇಕಾದವು.

ಬೆಳಕಿನಿಂದ ಉದ್ದ ಅಳೆಯುವುದು

ಲೈಗೋ ಒಂದು ಇಂಟರ್‌ಫೆರೋಮೀಟರ್. ಹೆಸರು ದೊಡ್ಡದು, ಒಳಗಿನ ಯೋಚನೆ ಸರಳ. ಲೇಸರ್ ಕಿರಣ ಒಂದು ವಿಶೇಷ ಗಾಜಿನ ಮೇಲೆ ಬೀಳುತ್ತದೆ. ಆ ಗಾಜು ಅರ್ಧ ಬೆಳಕನ್ನು ಒಳಗೆ ಬಿಡುತ್ತದೆ, ಅರ್ಧವನ್ನು ಪಕ್ಕಕ್ಕೆ ತಿರುಗಿಸುತ್ತದೆ. ಎರಡು ಕಿರಣಗಳು ಒಂದಕ್ಕೊಂದು ಲಂಬವಾಗಿರುವ ಎರಡು ತೋಳುಗಳಲ್ಲಿ ಹೋಗಿ, ತುದಿಯ ಕನ್ನಡಿಗೆ ಬಡಿದು, ವಾಪಸ್ ಬಂದು ಅದೇ ಗಾಜಿನ ಬಳಿ ಕೂಡುತ್ತವೆ. ಒಂದರ ಉಬ್ಬು ಇನ್ನೊಂದರ ಉಬ್ಬಿಗೆ ಸೇರಿದರೆ ಬೆಳಕು ಜಾಸ್ತಿ. ಉಬ್ಬು ತಗ್ಗಿಗೆ ಸೇರಿದರೆ ಕತ್ತಲೆ.

ಹೊರಗಿನಿಂದ ಈ ಗಾಜಿಗೆ ಎರಡು ಬಾಗಿಲು. ಒಂದರಲ್ಲಿ ಲೇಸರ್ ಇದೆ, ಇನ್ನೊಂದರಲ್ಲಿ ಬೆಳಕನ್ನು ಗುರುತಿಸುವ ಡಿಟೆಕ್ಟರ್ ಇದೆ. ಡಿಟೆಕ್ಟರ್ ಕಡೆ ಹೆಚ್ಚೂಕಡಿಮೆ ಕತ್ತಲೆಯೇ ಇರುವಂತೆ ತೋಳುಗಳ ಉದ್ದವನ್ನು ಹೊಂದಿಸಿರುತ್ತಾರೆ. ಬೆಳಕೆಲ್ಲ ಬಂದ ಬಾಗಿಲಿಗೇ ಹಿಂತಿರುಗುತ್ತದೆ. ಗುರುತ್ವ ಅಲೆ ಬಂದು ಒಂದು ತೋಳು ಹಿಗ್ಗಿ ಇನ್ನೊಂದು ಕುಗ್ಗಿದಾಗ ಉಬ್ಬುತಗ್ಗುಗಳ ಹೊಂದಾಣಿಕೆ ತಪ್ಪುತ್ತದೆ. ಕತ್ತಲೆಯ ಬಾಗಿಲಲ್ಲಿ ಬೆಳಕು ಒಂಚೂರು ಏರಿಳಿಯುತ್ತದೆ. ಆ ಏರಿಳಿತವೇ ಸುದ್ದಿ.

ಈಗ ತೊಂದರೆಗೆ ಬರೋಣ. ಬೆಳಕು ಫೋಟಾನ್ ಎಂಬ ಬಿಡಿ ಬಿಡಿ ತುಣುಕುಗಳಾಗಿ ಬರುತ್ತದೆ. ಲೈಗೋದಲ್ಲಿ ಬಳಸುವುದು 1064 ನ್ಯಾನೋಮೀಟರ್ ತರಂಗಾಂತರದ ಇನ್‌ಫ್ರಾರೆಡ್ ಲೇಸರ್. ಅದರ ಒಂದೇ ಮಿಲಿವಾಟ್ ಬೆಳಕಿನಲ್ಲಿ ಸೆಕೆಂಡಿಗೆ ಸುಮಾರು 5 ಸಾವಿರ ಲಕ್ಷ ಕೋಟಿ ಫೋಟಾನ್‌ಗಳು ಇರುತ್ತವೆ. ಆದರೆ ಅವು ಶಿಸ್ತಾಗಿ ಸಾಲಿನಲ್ಲಿ ಬರುವುದಿಲ್ಲ. ಮನಸ್ಸಿಗೆ ಬಂದಂತೆ ಬರುತ್ತವೆ. ಒಂದು ಗಳಿಗೆಯಲ್ಲಿ ಸರಾಸರಿ 100 ಬರಬೇಕು ಅಂದುಕೊಳ್ಳಿ. ಒಮ್ಮೆ 92 ಬರಬಹುದು, ಇನ್ನೊಮ್ಮೆ 109. ಈ ಏರಿಳಿತ ಸುಮಾರು 10, ಅಂದರೆ 100ರ ವರ್ಗಮೂಲ. ಇದಕ್ಕೆ ಶಾಟ್ ನಾಯ್ಸ್ ಎನ್ನುತ್ತಾರೆ. ಡಿಟೆಕ್ಟರ್‌ನಲ್ಲಿ ಬೆಳಕು ಜಾಸ್ತಿಯಾದದ್ದು ಕಪ್ಪುಕುಳಿಯಿಂದಲೋ, ಫೋಟಾನ್‌ಗಳ ಈ ಮನಸೋ ಇಚ್ಛೆಯಿಂದಲೋ ಹೇಳುವುದು ಕಷ್ಟ.

ಬೆಳಕು ಹೆಚ್ಚಿಸಿದರೆ ಆಯಿತಲ್ಲ ಅನ್ನಿಸಬಹುದು. ಹೌದು, ಅದು ನಿಜವಾದ ಮದ್ದು. 100 ಫೋಟಾನ್ ಇದ್ದರೆ ಏರಿಳಿತ ಶೇ 10, 10 ಸಾವಿರ ಇದ್ದರೆ ಶೇ 1, 10 ಲಕ್ಷ ಇದ್ದರೆ ಶೇ 0.1. ಆದರೆ ಲೆಕ್ಕ ನೋಡಿ. ಗದ್ದಲ ಹತ್ತು ಪಟ್ಟು ಇಳಿಯಬೇಕಾದರೆ ಬೆಳಕು ನೂರು ಪಟ್ಟು ಏರಬೇಕು. ದುಬಾರಿ ವ್ಯಾಪಾರ. ಲೈಗೋದ ತೋಳುಗಳಲ್ಲಿ ಬೆಳಕು ಕನ್ನಡಿಗಳ ನಡುವೆ ನೂರಾರು ಸಲ ಓಡಾಡಿ ಒಟ್ಟುಗೂಡುತ್ತದೆ. ಹಾಗಾಗಿ ಅಲ್ಲಿ ಈಗಾಗಲೇ ಲಕ್ಷಗಟ್ಟಲೆ ವಾಟ್ ಬೆಳಕು ಇದೆ. ಇನ್ನೂ ಏರಿಸಿದರೆ ಕನ್ನಡಿಯ ಲೇಪದಲ್ಲಿರುವ ಕಣ್ಣಿಗೆ ಕಾಣದ ಕಲೆಗಳು ಬೆಳಕನ್ನು ಹೀರಿ ಬಿಸಿಯಾಗುತ್ತವೆ. ಅಲ್ಲಿ ಕನ್ನಡಿ ಉಬ್ಬುತ್ತದೆ, ಕಿರಣ ಚದುರುತ್ತದೆ. ಗಳಿಸಿದ್ದು ಅಲ್ಲೇ ಹೋಗುತ್ತದೆ.

ಗದ್ದಲ ಬರುವುದು ಯಾವ ಬಾಗಿಲಿಂದ?

1981ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿದ್ದ ಭೌತವಿಜ್ಞಾನಿ ಕಾರ್ಲ್ಟನ್ ಕೇವ್ಸ್ ಒಂದು ಪ್ರಬಂಧ ಬರೆದರು. ಈ ಗದ್ದಲ ಯಂತ್ರದೊಳಗೆ ಬರುವುದು ಎಲ್ಲಿಂದ ಎಂಬುದೇ ಅವರ ಪ್ರಶ್ನೆ. ಲೇಸರ್‌ನಿಂದ ಎಂದು ಯಾರಾದರೂ ಹೇಳುತ್ತಾರೆ. ಆದರೆ ಲೇಸರ್‌ನಲ್ಲಿ ಏನೇ ಏರಿಳಿತ ಇದ್ದರೂ ಅದು ಎರಡು ತೋಳುಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. ವಾಪಸ್ ಬಂದು ಕೂಡಿದಾಗ ಬಂದ ಬಾಗಿಲಿಗೇ ಹೋಗುತ್ತದೆ. ಕತ್ತಲೆಯ ಬಾಗಿಲಿಗೆ ಅದು ಬರುವ ಹಾಗೇ ಇಲ್ಲ.

ಹಾಗಾದರೆ ಎಲ್ಲಿಂದ? ಕೇವ್ಸ್ ಅವರ ಉತ್ತರ: ಡಿಟೆಕ್ಟರ್ ಇರುವ ಆ ಕತ್ತಲೆಯ ಬಾಗಿಲಿಂದಲೇ. ಅಲ್ಲಿ ಯಾವ ಬೆಳಕನ್ನೂ ಒಳಗೆ ಬಿಡುತ್ತಿಲ್ಲ ನಿಜ. ಆದರೆ ಕ್ವಾಂಟಮ್ ನಿಯಮಗಳ ಪ್ರಕಾರ ಪೂರ್ತಿ ನಿಶ್ಚಲವಾದ ಕತ್ತಲೆ ಅನ್ನುವುದು ಎಲ್ಲೂ ಇಲ್ಲ. ಒಂದೂ ಫೋಟಾನ್ ಇಲ್ಲದ ಜಾಗದಲ್ಲೂ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳು ಸೊನ್ನೆಯ ಆಚೀಚೆ ನಡುಗುತ್ತಲೇ ಇರುತ್ತವೆ. ಈ ನಡುಕ ಆ ಬಾಗಿಲಿಂದ ಒಳಗೆ ಹೋಗಿ, ಕಿರಣವನ್ನು ಸೀಳುವ ಗಾಜಿನ ಬಳಿ ಲೇಸರ್ ಬೆಳಕಿನ ಜೊತೆ ಬೆರೆಯುತ್ತದೆ. ಒಂದು ತೋಳಿನಲ್ಲಿ ಕೂಡುತ್ತದೆ, ಇನ್ನೊಂದರಲ್ಲಿ ಕಳೆಯುತ್ತದೆ. ಎರಡು ತೋಳುಗಳ ನಡುವೆ ವ್ಯತ್ಯಾಸ ಹುಟ್ಟುವುದೇ ಹೀಗೆ. ವ್ಯತ್ಯಾಸ ಇದ್ದಮೇಲೆ ಅದು ಡಿಟೆಕ್ಟರ್‌ಗೆ ಬರಲೇಬೇಕು.

ಪ್ರತಿ ಫೋಟಾನೂ ಗಾಜಿನ ಬಳಿ ಬಂದು ಈ ಕಡೆಯೋ ಆ ಕಡೆಯೋ ಎಂದು ಚೀಟಿ ಎತ್ತುತ್ತದೆ ಅನ್ನುವ ವಿವರಣೆಯೂ ಇದೆ, ಅದೂ ತಪ್ಪಲ್ಲ. ಎರಡರಲ್ಲೂ ಲೆಕ್ಕ ಹಾಕಿದರೆ ಸಿಗುವ ಸಂಖ್ಯೆ ಒಂದೇ. ಆದರೆ ಚೀಟಿಯ ವಿವರಣೆ ಕೇಳಿದವರು ಇದಕ್ಕೆ ಮದ್ದಿಲ್ಲ ಎಂದು ಕೈಚೆಲ್ಲುತ್ತಾರೆ. ಬಾಗಿಲಿನ ವಿವರಣೆಯಲ್ಲಿ ಒಂದು ಲಾಭವಿದೆ. ಗದ್ದಲ ಬರುವ ದಾರಿ ಗೊತ್ತಾಯಿತಲ್ಲ, ಅಲ್ಲಿ ಏನಾದರೂ ಮಾಡಬಹುದು. ಆ ಬಾಗಿಲಿಗೆ ಮಾಮೂಲಿ ಕತ್ತಲೆಯ ಬದಲು ಪಳಗಿಸಿದ ಕತ್ತಲೆಯನ್ನು ಕಳಿಸಿ ಎಂದರು ಕೇವ್ಸ್. ಲೇಸರ್ ಅನ್ನು ಮುಟ್ಟುವುದೇ ಬೇಡ. ಈ ವಿಷಯದಲ್ಲಿ ಇಷ್ಟು ಚಂದದ ಯೋಚನೆ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಹಿಂಡುವುದು ಅಂದರೆ

ಬೆಳಕಿನ ಅಲೆಯ ಬಗ್ಗೆ ಎರಡು ಪ್ರಶ್ನೆ ಕೇಳಬಹುದು. ಅದರ ಎತ್ತರ ಎಷ್ಟು? ಅದರ ಉಬ್ಬು ಯಾವ ಕ್ಷಣಕ್ಕೆ ಬರುತ್ತದೆ? ಎರಡಕ್ಕೂ ಒಟ್ಟಿಗೆ ಪಕ್ಕಾ ಉತ್ತರ ಸಿಗುವುದಿಲ್ಲ ಎನ್ನುವುದು ಹೈಸನ್‌ಬರ್ಗ್ ನಿಯಮ. ಎತ್ತರದ ಅನುಮಾನವನ್ನು ಸಮಯದ ಅನುಮಾನದಿಂದ ಗುಣಿಸಿದರೆ ಬರುವ ಗುಣಲಬ್ಧ ಒಂದು ಮಿತಿಗಿಂತ ಕೆಳಗೆ ಇಳಿಯುವಂತಿಲ್ಲ. ಮಾಮೂಲಿ ಲೇಸರ್ ಬೆಳಕಿನಲ್ಲಿ, ಹಾಗೆಯೇ ಮಾಮೂಲಿ ಕತ್ತಲೆಯಲ್ಲಿ, ಎರಡು ಅನುಮಾನಗಳೂ ಸಮ.

ಆದರೆ ನಿಯಮ ಕಾಯುವುದು ಗುಣಲಬ್ಧವನ್ನು ಮಾತ್ರ. ಚಪಾತಿ ಹಿಟ್ಟಿನ ಉಂಡೆಯನ್ನು ಮೇಲಿಂದ ಒತ್ತಿದರೆ ಅದು ಪಕ್ಕಕ್ಕೆ ಹರಡುತ್ತದೆ, ಹಿಟ್ಟು ಮಾತ್ರ ಅಷ್ಟೇ ಇರುತ್ತದೆ. ಹಾಗೆಯೇ ಸಮಯದ ಅನುಮಾನವನ್ನು ಒತ್ತಿ ತೆಳ್ಳಗೆ ಮಾಡಬಹುದು, ಎತ್ತರದ ಅನುಮಾನ ಹರಡಿಕೊಳ್ಳಲು ಬಿಟ್ಟರೆ. ಇದೇ ಹಿಂಡಿದ ಬೆಳಕು. ಲ್ಯಾಬುಗಳಲ್ಲಿ ಎಲ್ಲರೂ ಸ್ಕ್ವೀಝ್ಡ್ ಲೈಟ್ ಎನ್ನುತ್ತಾರೆ. ಲೈಗೋಗೆ ಮುಖ್ಯವಾಗಿ ಬೇಕಾದದ್ದು ಉಬ್ಬು ಬರುವ ಸಮಯ. ಯಾಕೆಂದರೆ ತೋಳಿನ ಉದ್ದ ಬದಲಾದರೆ ಬೆಳಕು ಮುಟ್ಟುವ ಸಮಯ ತಾನೇ ಬದಲಾಗುವುದು.

ಕತ್ತಲೆಯಲ್ಲಿ ಅಲೆಯೇ ಇಲ್ಲ, ಅದಕ್ಕೆಲ್ಲಿಯ ಎತ್ತರ, ಎಲ್ಲಿಯ ಸಮಯ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಇಲ್ಲಿ ಹೋಲಿಕೆಗೆ ಇರುವುದು ಲೇಸರ್ ಅಲೆ. ಕತ್ತಲೆಯ ನಡುಕದಲ್ಲಿ ಒಂದು ಭಾಗ ಲೇಸರ್ ಅಲೆಯ ಜೊತೆಜೊತೆಗೇ ಏರಿಳಿಯುತ್ತದೆ. ಅದು ಬೆರೆತಾಗ ಬೆಳಕಿನ ಎತ್ತರ ಕದಡುತ್ತದೆ. ಇನ್ನೊಂದು ಭಾಗ ಕಾಲು ಸುತ್ತು ಹಿಂದೆ ಅಥವಾ ಮುಂದೆ ಇರುತ್ತದೆ. ಅದು ಬೆರೆತಾಗ ಉಬ್ಬಿನ ಸಮಯ ಕದಡುತ್ತದೆ. ಎರಡನೆಯ ಭಾಗವನ್ನು ಹಿಂಡಿದರೆ ಸಾಕು.

ಹಿಂಡುವ ಸಾಧನ ಒಂದು ಹರಳು. ಲೈಗೋದಲ್ಲಿ ಬಳಸುವುದು ಪೊಟ್ಯಾಷಿಯಂ ಟೈಟನಿಲ್ ಫಾಸ್ಫೇಟ್ ಎಂಬ ಹರಳು. ಅದರೊಳಗೆ 532 ನ್ಯಾನೋಮೀಟರ್‌ನ ಹಸಿರು ಲೇಸರ್ ಬಿಡುತ್ತಾರೆ. ಹಸಿರು ಫೋಟಾನ್‌ಗಳಲ್ಲಿ ಆಗಾಗ ಒಂದು ಒಡೆದು 1064 ನ್ಯಾನೋಮೀಟರ್‌ನ ಎರಡು ಫೋಟಾನ್ ಆಗುತ್ತದೆ. ಒಂದೇ ತಾಯಿಯಿಂದ ಒಂದೇ ಗಳಿಗೆಯಲ್ಲಿ ಹುಟ್ಟಿದ್ದರಿಂದ ಈ ಎರಡಕ್ಕೂ ತಾಳಮೇಳ ಇರುತ್ತದೆ. ಬಿಡಿ ಫೋಟಾನ್‌ಗಳ ಬೇಕಾಬಿಟ್ಟಿ ಓಟ ಇಲ್ಲಿಲ್ಲ. ಅಲೆಯ ಭಾಷೆಯಲ್ಲಿ ಹೇಳುವುದಾದರೆ, ಹಸಿರು ಬೆಳಕಿನ ಏರಿಳಿತಕ್ಕೆ ಹೊಂದಿಕೊಂಡು ನಡುಗುವ ಭಾಗ ಹರಳಿನಲ್ಲಿ ಬೆಳೆಯುತ್ತದೆ, ಅದಕ್ಕೆ ಎದುರಾಗಿ ನಡುಗುವ ಭಾಗ ಸೊರಗುತ್ತದೆ. ಹರಳಿನ ಸುತ್ತ ಕನ್ನಡಿಗಳನ್ನಿಟ್ಟು ಬೆಳಕನ್ನು ಸುತ್ತಿಸಿದರೆ ಈ ಪರಿಣಾಮ ಗಟ್ಟಿಯಾಗುತ್ತದೆ. ಹೊರಗೆ ಬರುವುದು ಕಣ್ಣಿಗೆ ಮಾತ್ರವಲ್ಲ, ಮಾಮೂಲಿ ಮೀಟರಿಗೂ ಹೆಚ್ಚೂಕಡಿಮೆ ಕತ್ತಲೆಯೇ. ಆದರೆ ಬೇರೆ ಥರದ ಕತ್ತಲೆ.

ಮಾಡಿದ್ದು ಬೇಗ, ಉಳಿಸಿಕೊಂಡದ್ದು ತಡ

1985ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರಿಚರ್ಟ್ ಸ್ಲಷರ್ ತಂಡ ಮೊದಲ ಸಲ ಹಿಂಡಿದ ಬೆಳಕನ್ನು ತಯಾರಿಸಿತು. ಅವರು ಬಳಸಿದ್ದು ಸೋಡಿಯಂ ಪರಮಾಣುಗಳನ್ನು. ಗದ್ದಲ ಇಳಿದದ್ದು 0.3 ಡೆಸಿಬೆಲ್, ಅಂದರೆ ಸುಮಾರು ಶೇ 7. ಮರುವರ್ಷವೇ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜೆಫ್ ಕಿಂಬಲ್ ಮತ್ತು ಲಿಂಗ್-ಆನ್ ವು ಅವರ ತಂಡ ಹರಳಿನ ವಿಧಾನದಿಂದ ಗದ್ದಲವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು.

ಡೆಸಿಬೆಲ್ ಲೆಕ್ಕ ಮುಂದೆಯೂ ಬರುತ್ತದೆ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. 3 ಡೆಸಿಬೆಲ್ ಇಳಿದರೆ ಗದ್ದಲದ ಶಕ್ತಿ ಅರ್ಧ, 6 ಇಳಿದರೆ ಕಾಲು ಭಾಗ, 10 ಇಳಿದರೆ ಹತ್ತರಲ್ಲೊಂದು. ಜರ್ಮನಿಯ ಹ್ಯಾನೋವರ್‌ನಲ್ಲಿ 2016ರಲ್ಲಿ 15 ಡೆಸಿಬೆಲ್ ಮುಟ್ಟಿದರು, ಅಂದರೆ ಮೂವತ್ತರಲ್ಲೊಂದು ಭಾಗ.

ಮೇಜಿನ ಮೇಲೆ 15 ಸಿಕ್ಕಿದೆ ಅಂದಮೇಲೆ ಲೈಗೋದಲ್ಲೂ ಅಷ್ಟೇ ಸಿಗಬೇಕಲ್ವಾ? ಇಲ್ಲ. ಹಿಂಡಿದ ಬೆಳಕಿನ ಶತ್ರು ಸೋರಿಕೆ. ಮಾಮೂಲಿ ಲೇಸರ್‌ನಲ್ಲಿ ಶೇ 10 ಬೆಳಕು ಸೋರಿದರೆ ಶೇ 10 ಹೋಯಿತು, ಅಷ್ಟೇ. ಹಿಂಡಿದ ಬೆಳಕಿನಲ್ಲಿ ಹಾಗಲ್ಲ. ಬೆಳಕು ಹೊರಗೆ ಹೋಗುವ ಪ್ರತಿ ತೂತಿನಿಂದಲೂ ಮಾಮೂಲಿ ಕತ್ತಲೆ ಒಳಗೆ ಬರುತ್ತದೆ, ತನ್ನ ಪೂರ್ತಿ ನಡುಕದೊಂದಿಗೆ. ಲೆಕ್ಕ ಹಾಕಿ ನೋಡೋಣ. 15 ಡೆಸಿಬೆಲ್ ಹಿಂಡಿದ ಬೆಳಕು ಶೇ 10 ಸೋರಿದರೆ ಉಳಿಯುವುದು 9 ಡೆಸಿಬೆಲ್. ಶೇ 30 ಸೋರಿದರೆ 5. ಅರ್ಧ ಸೋರಿದರೆ 3ಕ್ಕಿಂತ ಒಂದು ಕೂದಲು ಕಡಿಮೆ. ಸೋರಿಕೆ ಅರ್ಧದಷ್ಟಿದ್ದರೆ ನೀವು ಎಷ್ಟೇ ಚೆನ್ನಾಗಿ ಹಿಂಡಿ, ಪರಿಪೂರ್ಣವಾಗಿಯೇ ಹಿಂಡಿ, 3 ದಾಟುವುದಿಲ್ಲ.

ಸೋರುವುದಕ್ಕೆ ಜಾಗಗಳೂ ಬೇಕಾದಷ್ಟಿವೆ. ಪ್ರತಿ ಕನ್ನಡಿ ಒಂಚೂರು ಹೀರುತ್ತದೆ, ಒಂಚೂರು ಚದುರಿಸುತ್ತದೆ. ಹಿಂಡಿದ ಕಿರಣದ ಆಕಾರ ಮುಖ್ಯ ಕಿರಣದ ಆಕಾರಕ್ಕೆ ಸರಿಯಾಗಿ ಕೂರದಿದ್ದರೆ ಅದೂ ನಷ್ಟವೇ. ಬೆಳಕು ಒಂದೇ ದಿಕ್ಕಿಗೆ ಹೋಗುವಂತೆ ಕಾಯುವ ಸಾಧನಗಳಿವೆ, ಅವುಗಳಲ್ಲೂ ನಷ್ಟ. ಕೊನೆಗೆ ಡಿಟೆಕ್ಟರ್ ಕೂಡ ಬಂದ ಫೋಟಾನ್‌ಗಳಲ್ಲಿ ಒಂದಿಷ್ಟನ್ನು ಬಿಟ್ಟುಬಿಡುತ್ತದೆ. ಒಂದೊಂದೂ ಶೇ 1, ಶೇ 2. ಕೂಡಿದರೆ ದೊಡ್ಡ ಮೊತ್ತ.

ಇನ್ನೊಂದು ತೊಡಕು ಆವರ್ತನದ್ದು. ಮೊದಲ ಪ್ರಯೋಗಗಳಲ್ಲಿ ಹಿಂಡಿದ್ದು ಸೆಕೆಂಡಿಗೆ ಲಕ್ಷಾಂತರ ಸಲ ಆಗುವ ಏರಿಳಿತಗಳನ್ನು. ಅಲ್ಲಿ ಲೇಸರ್‌ಗಳು ಶಾಂತವಾಗಿರುತ್ತವೆ, ಕೆಲಸ ಸುಲಭ. ಕಪ್ಪುಕುಳಿಗಳ ಅಲೆ ಇರುವುದು ಹತ್ತಾರು ಹರ್ಟ್ಸ್‌ನಿಂದ ಕೆಲವು ಸಾವಿರ ಹರ್ಟ್ಸ್ ತನಕ, ಅಂದರೆ ನಮ್ಮ ಕಿವಿಗೆ ಕೇಳುವ ಸದ್ದಿನ ಆಸುಪಾಸು. ಅಲ್ಲಿ ಕೋಣೆಯ ಸದ್ದು, ಮೇಜಿನ ನಡುಕ, ಎಲ್ಲೋ ಬಡಿದು ಅಡ್ಡಾದಿಡ್ಡಿ ಬರುವ ಬೆಳಕು ಎಲ್ಲ ಸೇರಿ ಹಿಂಡಿದ್ದನ್ನು ಮುಚ್ಚಿಹಾಕುತ್ತವೆ. ಆ ವಲಯದಲ್ಲೂ ಹಿಂಡಬಹುದು ಎಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದ ತಂಡ ತೋರಿಸಿದ್ದು 2004ರಲ್ಲಿ. ಹಿಂಡುವ ಕೋನ, ಅಂದರೆ ಎತ್ತರ ಮತ್ತು ಸಮಯದಲ್ಲಿ ಯಾವುದರ ಅನುಮಾನವನ್ನು ಒತ್ತುತ್ತಿದ್ದೇವೆ ಎಂಬುದು, ಗಂಟೆಗಟ್ಟಲೆ ಜಾರದಂತೆ ಹಿಡಿದಿಡುವ ವಿಧಾನವನ್ನು ಹ್ಯಾನೋವರ್ ತಂಡ 2006ರಲ್ಲಿ ತೋರಿಸಿತು. ಸುದ್ದಿಯಾಗುವಂಥ ಕೆಲಸಗಳಲ್ಲ ಇವು. ಇವಿಲ್ಲದೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಯಂತ್ರದೊಳಗೆ

ಹ್ಯಾನೋವರ್ ಹತ್ತಿರದ ಜಿಯೋ600 ಎಂಬ 600 ಮೀಟರ್ ತೋಳಿನ ಯಂತ್ರಕ್ಕೆ 2010ರಲ್ಲಿ ಹಿಂಡಿದ ಬೆಳಕನ್ನು ಜೋಡಿಸಿದರು. ಗದ್ದಲ 3.5 ಡೆಸಿಬೆಲ್‌ನಷ್ಟು ಇಳಿಯಿತು. ಲೈಗೋದ ಹ್ಯಾನ್‌ಫರ್ಡ್ ಕೇಂದ್ರದಲ್ಲಿ ಮರುವರ್ಷ ಪರೀಕ್ಷೆ ನಡೆಯಿತು, 2 ಡೆಸಿಬೆಲ್‌ಗಿಂತ ಸ್ವಲ್ಪ ಜಾಸ್ತಿ ಸಿಕ್ಕಿತು. ಅಂದಹಾಗೆ, ನೊಬೆಲ್ ತಂದುಕೊಟ್ಟ 2015ರ ಆ ಮೊದಲ ಅಲೆ ಸಿಕ್ಕಾಗ ಲೈಗೋದಲ್ಲಿ ಹಿಂಡಿದ ಬೆಳಕು ಇರಲಿಲ್ಲ. ಅದು ನಿತ್ಯದ ಕೆಲಸಕ್ಕೆ ಸೇರಿದ್ದು 2019ರ ಏಪ್ರಿಲ್ 1ರಂದು ಶುರುವಾದ ಮೂರನೆಯ ವೀಕ್ಷಣೆಯ ಸುತ್ತಿನಲ್ಲಿ. ಇಟಲಿಯ ವರ್ಗೋ ಯಂತ್ರದಲ್ಲೂ ಆಗಲೇ.

ಆ ಸುತ್ತಿನಲ್ಲಿ ಹೆಚ್ಚೆಂದರೆ 3 ಡೆಸಿಬೆಲ್ ಸಿಕ್ಕಿತು. ಇಷ್ಟೇನಾ ಅನ್ನಿಸಬಹುದು. ಆದರೆ ಕಿವಿ ಚುರುಕಾದರೆ ಇನ್ನೂ ದೂರದ್ದು ಕೇಳುತ್ತದೆ, ಮತ್ತು ಆಕಾಶ ಎಲ್ಲ ದಿಕ್ಕಿಗೂ ಹರಡಿದೆ. ಕೇಳುವ ದೂರ ಎರಡು ಪಟ್ಟಾದರೆ ಕೇಳುವ ಜಾಗ ಎಂಟು ಪಟ್ಟು. ಬೇರೆ ಗದ್ದಲಗಳೂ ಇರುವುದರಿಂದ ಲಾಭ ಪೂರ್ತಿಯಾಗಿ ಕೈಗೆ ಬರುವುದಿಲ್ಲ ನಿಜ. ಆದರೂ ಜೋಡಿ ನ್ಯೂಟ್ರಾನ್ ನಕ್ಷತ್ರಗಳು ಒಂದಾಗುವಂಥ ಘಟನೆಗಳು ಹ್ಯಾನ್‌ಫರ್ಡ್‌ನಲ್ಲಿ ಶೇ 40, ಲೈಗೋದ ಇನ್ನೊಂದು ಕೇಂದ್ರ ಲಿವಿಂಗ್‌ಸ್ಟನ್‌ನಲ್ಲಿ ಶೇ 50ರಷ್ಟು ಜಾಸ್ತಿ ಸಿಗುವ ನಿರೀಕ್ಷೆ ಹುಟ್ಟಿತು. ಒಂದು ಸಣ್ಣ ಹರಳಿನಿಂದ!

ಆದರೆ ಹಿಟ್ಟು ಪಕ್ಕಕ್ಕೆ ಹರಡಿದೆ ಎಂಬುದನ್ನು ಮರೆಯಬಾರದು. ಸಮಯದ ಅನುಮಾನ ಇಳಿದಷ್ಟೂ ಎತ್ತರದ ಅನುಮಾನ ಏರಿದೆ. ಅಂದರೆ ತೋಳುಗಳಲ್ಲಿ ಬೆಳಕಿನ ಪ್ರಮಾಣ ಇನ್ನಷ್ಟು ಏರಿಳಿಯುತ್ತದೆ. ಬೆಳಕು ಕನ್ನಡಿಗೆ ಬಡಿದಾಗ ತಳ್ಳುತ್ತದೆ. ತಳ್ಳುವ ಬಲ ಏರಿಳಿದರೆ ಕನ್ನಡಿಯೇ ಅಲ್ಲಾಡುತ್ತದೆ. ಲೈಗೋದ ಕನ್ನಡಿ ಒಂದೊಂದೂ 40 ಕಿಲೋ ತೂಕ. ಬೆಳಕಿನ ಕ್ವಾಂಟಮ್ ನಡುಕದಿಂದ ಅಂಥದ್ದೊಂದು ಗಾಜಿನ ಗುಂಡು ಅಲ್ಲಾಡುವುದುಂಟಾ? 2020ರಲ್ಲಿ ಲೈಗೋ ತಂಡ ಅದನ್ನು ಅಳೆದೇ ತೋರಿಸಿತು. ಅಲ್ಲಾಟ ಸುಮಾರು 10⁻²⁰ ಮೀಟರ್. ಕ್ವಾಂಟಮ್ ಅಂದರೆ ಪರಮಾಣುಗಳ ಲೋಕಕ್ಕೆ ಮಾತ್ರ ಎಂದು ಕಾಲೇಜಿನಲ್ಲಿ ಓದಿದವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಈ ತಳ್ಳಾಟ ಕಾಡುವುದು ಕಡಿಮೆ ಆವರ್ತನಗಳಲ್ಲಿ, ಹತ್ತಾರು ಹರ್ಟ್ಸ್ ಆಸುಪಾಸು. ನಿಧಾನವಾಗಿ ತಳ್ಳಿದರೆ ತಾನೇ ಭಾರದ ವಸ್ತು ಅಲ್ಲಾಡುವುದು. ಫೋಟಾನ್ ಎಣಿಕೆಯ ಗದ್ದಲ ಕಾಡುವುದು ಅದಕ್ಕಿಂತ ಮೇಲೆ. ಹಾಗಾಗಿ ಬೇಕಾದದ್ದು ಎರಡು ಥರದ ಹಿಂಡಿಕೆ. ಕೆಳಗಿನ ಆವರ್ತನಗಳಲ್ಲಿ ಎತ್ತರವನ್ನು ಹಿಂಡಬೇಕು, ಮೇಲಿನವುಗಳಲ್ಲಿ ಸಮಯವನ್ನು. ಅದೂ ಒಂದೇ ಕಿರಣದಲ್ಲಿ. ಕಿಂಬಲ್, ಕಿಪ್ ಥಾರ್ನ್ ಮತ್ತು ಜೊತೆಗಾರರು 2001ರಲ್ಲಿ ಇದಕ್ಕೆ ಒಂದು ದಾರಿ ಬರೆದಿಟ್ಟಿದ್ದರು. ಹಿಂಡಿದ ಬೆಳಕನ್ನು ಮೊದಲು ಎರಡು ಕನ್ನಡಿಗಳ ನಡುವಿನ ಉದ್ದನೆಯ ಕೊಳವೆಗೆ ಕಳಿಸಬೇಕು. ವೇಗದ ಏರಿಳಿತಗಳು ಕೊಳವೆಯೊಳಗೆ ಹೋಗದೆ ಬಾಗಿಲಲ್ಲೇ ತಿರುಗಿ ಬರುತ್ತವೆ. ನಿಧಾನದ ಏರಿಳಿತಗಳು ಒಳಗೆ ಹೋಗಿ, ಸುತ್ತಾಡಿ, ತಡವಾಗಿ ಹೊರಬರುತ್ತವೆ. ಆ ತಡದಲ್ಲಿ ಹಿಂಡಿದ ಕೋನ ತಿರುಗಿರುತ್ತದೆ. ಲೈಗೋ ಇದಕ್ಕಾಗಿಯೇ 300 ಮೀಟರ್ ಉದ್ದದ ಕೊಳವೆ ಕಟ್ಟಿತು. 2023ರ ಮೇ 24ರಂದು ಶುರುವಾದ ನಾಲ್ಕನೆಯ ಸುತ್ತಿನಲ್ಲಿ ಅದು ಕೆಲಸಕ್ಕಿಳಿಯಿತು. ಹಿಂಡಿಕೆಯೇ ಇಲ್ಲದ ಸ್ಥಿತಿಗೆ ಹೋಲಿಸಿದರೆ ಘಟನೆಗಳು ಸಿಗುವ ಪ್ರಮಾಣ ಶೇ 65ರ ತನಕ ಏರಬಹುದು ಎಂಬುದು ತಂಡದ ಲೆಕ್ಕ.

ಈ ಸುತ್ತಿನಲ್ಲಿ ಸಿಕ್ಕ ಒಂದು ಅಲೆಗೆ ಬೆಂಗಳೂರಿನ ನಂಟಿದೆ. 2025ರ ಜನವರಿ 14ರಂದು ಬಂದ ಅಲೆ 2015ರದ್ದಕ್ಕಿಂತ ಸುಮಾರು ಮೂರು ಪಟ್ಟು ಸ್ಪಷ್ಟವಾಗಿ ಕೇಳಿಸಿತು. ಎರಡು ಘಟನೆಗಳೂ ಹೆಚ್ಚೂಕಡಿಮೆ ಒಂದೇ ಥರದವು, ದೂರವೂ ಸುಮಾರು ಅಷ್ಟೇ. ಬದಲಾದದ್ದು ಯಂತ್ರ. ಹಿಂಡಿದ ಬೆಳಕು ಅದಕ್ಕೆ ಒಂದೇ ಕಾರಣವಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಒಂದು. ಈ ಸ್ಪಷ್ಟತೆಯಿಂದಾಗಿ, ಹುಟ್ಟಿದ ಹೊಸ ಕಪ್ಪುಕುಳಿ ಗಂಟೆಯಂತೆ ಮೊಳಗಿ ಅಡಗುವ ಕೊನೆಯ ಭಾಗವನ್ನು ಬಿಡಿಸಿ ನೋಡಲು ಸಾಧ್ಯವಾಯಿತು. ಕಪ್ಪುಕುಳಿ ಹೀಗೆ ಮೊಳಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಸಿ.ವಿ. ವಿಶ್ವೇಶ್ವರ. ಬೆಂಗಳೂರಿನಲ್ಲಿ ಹುಟ್ಟಿದವರು, ಅಲ್ಲಿನ ನೆಹರೂ ತಾರಾಲಯವನ್ನು ಕಟ್ಟಿ ಬೆಳೆಸಿದವರು. 2017ರ ಜನವರಿಯಲ್ಲಿ ತೀರಿಕೊಂಡರು. ಮೊದಲ ಅಲೆಯ ಸುದ್ದಿಯನ್ನು ಅವರು ಕೇಳಿದ್ದರು, ಅದೊಂದು ಸಮಾಧಾನ.

ಬೆಳಕು ಹೆಚ್ಚಿಸಲಾಗದ ಇನ್ನೊಂದು ಜಾಗ

ಹಿಂಡಿದ ಬೆಳಕು ಎಲ್ಲ ಕಡೆ ಬೇಕಾಗುವುದಿಲ್ಲ. ಬೆಳಕು ಹೆಚ್ಚಿಸಲು ಅವಕಾಶ ಇರುವಲ್ಲಿ ಸುಮ್ನೆ ಬೆಳಕು ಹೆಚ್ಚಿಸಿ, ಅದು ಅಗ್ಗ. ಕ್ವಾಂಟಮ್ ಎಂಬ ಹಣೆಪಟ್ಟಿ ಹಚ್ಚಿದ ಸೆನ್ಸರ್‌ಗಳ ಬಗ್ಗೆ ಓದುವಾಗ ನಾನು ಮೊದಲು ಕೇಳುವ ಪ್ರಶ್ನೆಯೇ ಅದು. ಇಲ್ಲಿ ಇನ್ನೊಂದಿಷ್ಟು ಲೇಸರ್ ಬೆಳಕು ಹಾಕಿದ್ದರೆ ಆಗುತ್ತಿರಲಿಲ್ಲವಾ?

ಜೀವಕೋಶಗಳ ವಿಷಯದಲ್ಲಿ ಉತ್ತರ ಸ್ಪಷ್ಟವಾಗಿ ಆಗುತ್ತಿರಲಿಲ್ಲ. ರಾಮನ್ ಚದುರುವಿಕೆಯನ್ನು ಬಳಸುವ ಮೈಕ್ರೋಸ್ಕೋಪ್‌ಗಳಿವೆ. ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡುಹಿಡಿದ ಪರಿಣಾಮ ಅದು. ಅಣುಗಳಿಂದ ಚದುರಿದ ಬೆಳಕಿನ ಬಣ್ಣ ನೋಡಿ ಅವು ಯಾವ ಅಣುಗಳು ಎಂದು ಗುರುತಿಸಬಹುದು. ಕೋಶಕ್ಕೆ ಬಣ್ಣ ಹಾಕುವುದು ಬೇಡ, ಏನನ್ನೂ ಬೆರೆಸುವುದು ಬೇಡ. ಆದರೆ ಸಿಗುವ ಸಂಕೇತ ಕ್ಷೀಣ. ಗಟ್ಟಿ ಲೇಸರ್ ಹಾಕಿದರೆ ಕೋಶ ಸುಟ್ಟುಹೋಗುತ್ತದೆ. 2021ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ತಂಡ ಇಂಥ ಮೈಕ್ರೋಸ್ಕೋಪ್‌ಗೆ ಹಿಂಡಿದ ಬೆಳಕನ್ನು ಕೊಟ್ಟು ಯೀಸ್ಟ್ ಕೋಶಗಳನ್ನು ನೋಡಿತು. ಕೋಶ ತಾಳಿಕೊಳ್ಳುವ ಬೆಳಕಿನಲ್ಲೇ ಸ್ಪಷ್ಟತೆ ಶೇ 35ರಷ್ಟು ಏರಿತು. ಇನ್ನಷ್ಟು ಬೆಳಕು ಹಾಕಿ ಅದೇ ಫಲ ಪಡೆಯಲು ಹೋಗಿದ್ದರೆ ನೋಡಲು ಕೋಶವೇ ಉಳಿಯುತ್ತಿರಲಿಲ್ಲ.

ಇನ್ನೊಂದು ಹೆಸರನ್ನೂ ನೀವು ಕೇಳಿರಬಹುದು, ನೂನ್ ಸ್ಥಿತಿ. ಒಂದಿಷ್ಟು ಫೋಟಾನ್‌ಗಳನ್ನು ಎಲ್ಲವೂ ಈ ತೋಳಿನಲ್ಲಿ ಅಥವಾ ಎಲ್ಲವೂ ಆ ತೋಳಿನಲ್ಲಿ ಇರುವಂತೆ ಹೆಣೆಯುವುದು. ವರ್ಗಮೂಲದ ಲೆಕ್ಕ ಹೋಗಿ, 100 ಫೋಟಾನ್‌ಗೆ ಶೇ 10ರ ಬದಲು ಶೇ 1ರ ನಿಖರತೆ ಸಿಗುತ್ತದೆ. ಇದಕ್ಕೆ ಹೈಸನ್‌ಬರ್ಗ್ ಮಿತಿ ಎನ್ನುತ್ತಾರೆ. ಕೇಳಲು ಚಂದ. 2004ರಲ್ಲಿ ಟೊರಾಂಟೊದಲ್ಲಿ 3 ಫೋಟಾನ್, ವಿಯೆನ್ನಾದಲ್ಲಿ 4 ಫೋಟಾನ್‌ಗಳಿಂದ ಇಂಥ ಪ್ರಯೋಗ ಮಾಡಿದರು. ಆದರೆ ಗುಂಪಿನಲ್ಲಿ ಒಂದೇ ಫೋಟಾನ್ ಸೋರಿದರೂ ಆಟ ಮುಗಿಯಿತು, ಅಳತೆಗೆ ಏನೂ ಉಳಿಯುವುದಿಲ್ಲ. ಒಂದು ಮಿಲಿವಾಟ್ ಲೇಸರ್‌ನ ಫೋಟಾನ್ ಸಂಖ್ಯೆ ಮೇಲೆ ನೋಡಿದಿರಿ. ಅದರ ಮುಂದೆ 3, 4 ಎಲ್ಲಿ? ಪ್ರಯೋಗವಾಗಿ ಮೆಚ್ಚುತ್ತೇನೆ, ಅಳತೆಯ ಸಾಧನವಾಗಿ ನನಗೆ ಅದರ ಮೇಲೆ ಭರವಸೆ ಕಡಿಮೆ. ಗಟ್ಟಿ ಲೇಸರ್, ಜೊತೆಗೆ ಸ್ವಲ್ಪ ಹಿಂಡಿದ ಕತ್ತಲೆ, ಇದೇ ಗೆಲ್ಲುತ್ತಿರುವ ಜೋಡಿ.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದಲ್ಲಿ ಲೈಗೋ-ಇಂಡಿಯಾ ಕಟ್ಟಲು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿದೆ. ಅಮೆರಿಕದ ಲೈಗೋ ಮಾದರಿಯ 4 ಕಿಲೋಮೀಟರ್ ತೋಳುಗಳ ಯಂತ್ರವೇ ಅಲ್ಲಿಗೂ ಬರಲಿದೆ. ಯುರೋಪಿನ ಐನ್‌ಸ್ಟೈನ್ ಟೆಲಿಸ್ಕೋಪ್, ಅಮೆರಿಕದ ಕಾಸ್ಮಿಕ್ ಎಕ್ಸ್‌ಪ್ಲೋರರ್ ಎಂಬ ಮುಂದಿನ ತಲೆಮಾರಿನ ಯೋಜನೆಗಳು ಇನ್ನೂ ಮುಂದೆ ಹೋಗಿ 10 ಡೆಸಿಬೆಲ್ ಹಿಂಡಿಕೆಯನ್ನು ಗುರಿಯಾಗಿ ಬರೆದುಕೊಂಡಿವೆ. ಹರಳಿನಿಂದ 15 ಸಿಗುತ್ತದೆ, ಅದರ ಚಿಂತೆ ಇಲ್ಲ. ಆದರೆ ಆ 15ರಲ್ಲಿ 10 ಉಳಿಯಬೇಕಾದರೆ ಹರಳಿನಿಂದ ಡಿಟೆಕ್ಟರ್ ತನಕ, ಕೊಳವೆ, ಕನ್ನಡಿ, ಕಿಲೋಮೀಟರುಗಟ್ಟಲೆ ದಾರಿ ಎಲ್ಲ ಸೇರಿ ಒಟ್ಟು ಸೋರಿಕೆ ಶೇ 7 ದಾಟಬಾರದು. ಈಗ ಲೈಗೋಗೆ ಸಿಗುತ್ತಿರುವುದು ಹೆಚ್ಚೆಂದರೆ 6 ಡೆಸಿಬೆಲ್ ಆಸುಪಾಸು.